ಕೆಂಚಿಯ ಭುಜ

ಕೊಪ್ಪಳ
೧೦ ನವೆಂಬರ್ ೨೦೨೪

ಗಾಳೇಶಣ್ಣನಿಗೆ,

ನಮ್ಮ ಚಿತ್ರಕಥೆಯ ಐದನೇ ಕಂತಿಗೆ ನೀನು ಬಿಡಿಸಿದ ಪುಟಗಳು ತಲುಪಿದವು. ಬ್ರೆಡ್ಡಿನ ಗಾಡಿಯ ರಫೀ ಅಣ್ಣ ಬನ್ನಿನ ಟ್ರೇ ಕೆಳಗೆ ಇಟ್ಟುಕೊಂಡು ತಂದಿದ್ದರು. ಮೂಲೆಗೆ ಒಂಚೂರು ಬೆಣ್ಣೆ ಹತ್ತಿದೆ, ಅಷ್ಟೇ. ಇನ್ನು ಮೇಲೂ ಅವರ ಕೈಯಲ್ಲೇ ಕಳಿಸು. ಇಲ್ಲಿ ಕ್ರೀಡಾ ಹಾಸ್ಟೆಲ್ಲಿನಲ್ಲಿ ವಾರ್ಡನ್ ಮೇಡಂ ನಮ್ಮ ಫೋನುಗಳನ್ನು ಬೀರುವಿನಲ್ಲಿಟ್ಟು ಕೀಲಿ ಹಾಕಿಬಿಟ್ಟಿದ್ದಾರೆ. ಭಾನುವಾರ ಒಂದು ಗಂಟೆ ಕೊಡುತ್ತಾರೆ, ಅದು ನನ್ನ ಅವ್ವನ ಮಾತಿಗೇ ಸಾಲುವುದಿಲ್ಲ. ನಿನ್ನ ಚಿಗವ್ವ ಎಂಥ ಮಾತುಗಾರ್ತಿ ಎಂದು ನಿನಗೆ ಗೊತ್ತಲ್ಲ.

ಪುಟ ನೋಡಿ ಖುಷಿಯೂ ಆಯಿತು, ಸಿಟ್ಟೂ ಬಂತು. ಕೆಂಚಿಯ ಎದುರಾಳಿಯನ್ನು ನಾನು ಅವಳಷ್ಟೇ ಎತ್ತರ ಎಂದು ಬರೆದಿದ್ದೆ. ನೀನು ಅವನನ್ನು ತೆಂಗಿನ ಮರದಷ್ಟು ಮಾಡಿದ್ದೀಯ. ಮೊದಲ ಕಂತಿನಲ್ಲಿ ನಮ್ಮ ಹುಡುಗಿ ಒಂದು ಬಾಗಿಲು ಒಡೆದಳು. ಎರಡನೆಯದರಲ್ಲಿ ಗೋಡೆ, ಮೂರನೆಯದರಲ್ಲಿ ಕೆರೆಯ ಏರಿ, ನಾಲ್ಕನೆಯದರಲ್ಲಿ ಕೋಟೆ, ಈಗ ಗುಡ್ಡ. ಮುಂದೆ ಏನು ಒಡೆಯುತ್ತಾಳೆ, ಚಂದ್ರನನ್ನಾ? ನಾವಿಬ್ಬರೂ ನಿಮ್ಮ ಮನೆಯ ಮಾಳಿಗೆ ಮೇಲೆ ಕುಳಿತು ನೋಡುತ್ತಿದ್ದ ಜಪಾನಿ ಅನಿಮೆಗಳೂ ಇದೇ ಚಟಕ್ಕೆ ಬಿದ್ದು ಹಾಳಾದವು ಎಂದು ಬೈದವನು ನೀನೇ.

ನನ್ನ ಸುದ್ದಿ ಏನೆಂದರೆ, ಜನವರಿಯಲ್ಲಿ ಕುಸ್ತಿಯ ಆಯ್ಕೆ ಟ್ರಯಲ್ ಇದೆ. ನಮ್ಮ ತೂಕದ ವಿಭಾಗದಲ್ಲಿ ರಾಜ್ಯ ಮಟ್ಟಕ್ಕೆ ಹೋಗುವವಳು ಒಬ್ಬಳೇ. ಒಂದೋ ನಾನು, ಇಲ್ಲವೋ ಇದೇ ಹಾಸ್ಟೆಲ್ಲಿನಲ್ಲಿರುವ ಯಲಬುರ್ಗಾದ ಅನುಷಾ. ಹೋದವಳಿಗೆ ಹಾಸ್ಟೆಲ್ ಸೀಟು ಗಟ್ಟಿಯಾಗುತ್ತದೆ. ಉಳಿದವಳು ಮಾರ್ಚ್‌ನಲ್ಲಿ ಟ್ರಂಕು ಹೊತ್ತು ಊರಿಗೆ ಹೋಗಬೇಕು. ಕುಷ್ಟಗಿಯಲ್ಲಿ ಕುಸ್ತಿಯ ಮ್ಯಾಟ್ ಎಲ್ಲಿದೆ? ಅದಕ್ಕೇ ರಾತ್ರಿ ಮಲಗಿದರೂ ನನ್ನ ಕಾಲು ಸುಮ್ಮನಿರುವುದಿಲ್ಲ. ಪಕ್ಕದ ಮಂಚದವಳು ದಿನಾ ಬೈಯುತ್ತಾಳೆ.

ಸಹನಾ


ಗಂಗಾವತಿ
೧೬ ನವೆಂಬರ್ ೨೦೨೪

ಪೈಲ್ವಾನ್ ಸಹನವ್ವನಿಗೆ ಅಣ್ಣನ ಶರಣು.

ಬೈದಿದ್ದೀಯ, ಬೈಸಿಕೊಂಡೆ. ಆದರೆ ನನ್ನ ಕಷ್ಟ ಕೇಳು. ನಾನು ದಿನವಿಡೀ ಫ್ಲೆಕ್ಸ್ ಅಂಗಡಿಯಲ್ಲಿ ಹುಟ್ಟುಹಬ್ಬದ ಬ್ಯಾನರ್ ಮಾಡುವವನು. ನಮ್ಮ ಧಂದೆಯಲ್ಲಿ ದೊಡ್ಡ ಮನುಷ್ಯನ ಮುಖ ದೊಡ್ಡದು, ಹಿಂಬಾಲಕರ ಮುಖ ಕೆಳಗಿನ ಸಾಲಿನಲ್ಲಿ ಗುಂಡಗೆ ಸಣ್ಣದು. ನಿನ್ನೆ ಆಂಧ್ರದ ರೈತರ ಕ್ಯಾಂಪಿನವರು ಇಬ್ಬರು ಬಂದು ತೆಲುಗಿನಲ್ಲಿ ಒಂದು ಗಂಟೆ ಜಗಳವಾಡಿದರು. ಒಬ್ಬನ ಮುಖ ಇನ್ನೊಬ್ಬನ ಮುಖಕ್ಕಿಂತ ಒಂದು ಬೆರಳು ಹೆಚ್ಚಾಗಿತ್ತಂತೆ. ಅಂಥ ಕೈಗೆ ಕಾಗದ ಕೊಟ್ಟರೆ ಬಲಶಾಲಿಯನ್ನು ಸಣ್ಣದಾಗಿ ಬಿಡಿಸಲು ಬರುವುದೇ ಇಲ್ಲ ನೋಡು.

ಇನ್ನು ಓದುಗರು. ಈಗ ಆನ್‌ಲೈನಿನಲ್ಲಿ ನಮ್ಮ ಕಂತಿನ ಕೆಳಗೆ ಹಾಕುವ ಕಮೆಂಟ್‌ಗಳಲ್ಲಿ ಯಾರೂ ಕಥೆ ಕೇಳುವುದಿಲ್ಲ. ಕೆಂಚಿ ಮೇಲೋ ನಾಲ್ಕನೇ ಕಂತಿನ ಗವಿಯ ಬೆಂಕಿಮುದುಕ ಮೇಲೋ ಎಂದು ಕಿತ್ತಾಡುತ್ತಾರೆ. ಕುಕನೂರಿನ ಒಬ್ಬ ಪಟ್ಟಿ ಮಾಡಿ ಹಾಕಿದ್ದಾನೆ, ಯಾರ ಬಲ ಎಷ್ಟು, ಯಾರು ಯಾರನ್ನು ಎಷ್ಟು ಹೊಡೆತದಲ್ಲಿ ಕೆಡವುತ್ತಾರೆ ಎಂದು. ಜಪಾನಿ ಮಾಂಗಾ ಓದುವವರಿಗೆಲ್ಲ ಇರುವ ರೋಗವೇ ಇದು, ಪವರ್ ಸ್ಕೇಲಿಂಗ್. ಆ ಪಟ್ಟಿ ಬಂದ ದಿನ ನಮ್ಮನ್ನು ಓದಿದವರು ಎಂದಿಗಿಂತ ಹೆಚ್ಚು. ಹಾಗಾಗಿ ಆರನೇ ಕಂತಿಗೆ ಒಬ್ಬ ಭಯಂಕರ ಖಳ ಬೇಕೇ ಬೇಕು. ಹೆಸರು ಇಟ್ಟಾಗಿದೆ, ಬಂಡೆರಾಯ. ನಿಮ್ಮ ಕುಷ್ಟಗಿ ಕಡೆಯ ಕಲ್ಲುಕ್ವಾರಿಯೊಳಗಿಂದ ಎದ್ದು ಬರುತ್ತಾನೆ. ಹೊಡೆದಾಟವನ್ನು ನೀನು ಬರೆ. ಅದನ್ನು ನಿನ್ನಂತೆ ಬರೆಯುವವರು ಇಲ್ಲ. ಕಾಲು ಎಲ್ಲಿತ್ತು, ಭಾರ ಯಾವ ಕಡೆ ಇತ್ತು ಎಂದೆಲ್ಲ ಬರೆಯುತ್ತೀಯಲ್ಲ, ಓದುವಾಗ ನನ್ನ ಮೈಯೇ ವಾಲುತ್ತದೆ.

ಟ್ರಯಲ್‌ನಲ್ಲಿ ನೀನೇ ಗೆಲ್ಲುವುದು. ನನಗೆ ಒಂದಿಷ್ಟೂ ಅನುಮಾನವಿಲ್ಲ.

ಗಾಳೇಶ


ಕೊಪ್ಪಳ
೨೪ ನವೆಂಬರ್ ೨೦೨೪

ಅಣ್ಣಾ,

ಪೆನ್ನು ಸರಿಯಿಲ್ಲ, ಅಕ್ಷರ ನೋಡಿ ನಗಬೇಡ.

ನಿನ್ನ ಕುಕನೂರಿನ ಪಟ್ಟಿಯವನನ್ನು ಇಲ್ಲಿಗೆ ಕಳಿಸು, ನಮ್ಮ ಕೋಚ್ ಅಂದಪ್ಪ ಸರ್‌ಗೆ ಜೊತೆಯಾಗುತ್ತಾನೆ. ಸರ್ ಕೂಡ ಬೋರ್ಡಿನ ಮೇಲೆ ನಮ್ಮ ಹೆಸರುಗಳನ್ನು ಮೇಲೆ ಕೆಳಗೆ ಬರೆಯುತ್ತಾರೆ. ನಾನು ಸುರೇಖಾಳನ್ನು ಕೆಡವಿದೆ, ಸುರೇಖಾ ಅನುಷಾಳನ್ನು ಕೆಡವಿದಳು. ಅವರ ಲೆಕ್ಕದಲ್ಲಿ ನಾನು ಅನುಷಾಳಿಗಿಂತ ಮೇಲೆ. ಆದರೆ ಅನುಷಾ ನನ್ನ ಬಲಗೈ ಹಿಡಿದು ಎಳೆದಳೆಂದರೆ ನಾನು ನೆಲದ ಮೇಲೆ. ಅವಳಿಗೆ ಅನ್ನ ಹಾಕುವುದೇ ಆ ಒಂದು ಪಟ್ಟು. ಸುರೇಖಾ ಎಡಗೈಯವಳು, ಅವಳ ಮೇಲೆ ಅದು ನಡೆಯುವುದಿಲ್ಲ. ಕುಸ್ತಿಯಲ್ಲಿ ಯಾರೂ ಎಲ್ಲರಿಗಿಂತ ಮೇಲೆ ಇರುವುದಿಲ್ಲ ಅಣ್ಣ. ಇವತ್ತು, ಇವಳ ಎದುರು, ಈ ಹಿಡಿತದಲ್ಲಿ ಎಂದಷ್ಟೇ ಹೇಳಬಹುದು. ನಿಮ್ಮ ಪಟ್ಟಿಯಲ್ಲಿ ಇದಕ್ಕೆ ಕಾಲಂ ಇದೆಯಾ?

ಆರನೇ ಕಂತಿನ ಹೊಡೆದಾಟ ಬರೆದು ಕಳಿಸಿದ್ದೇನೆ. ಕೆಂಚಿ ಇದರಲ್ಲಿ ಸೋಲುತ್ತಾಳೆ. ಬಂಡೆರಾಯ ಅವಳ ಬಲಗೈ ಎಳೆಯುತ್ತಾನೆ, ಅವಳು ತಿರುಗುತ್ತಾಳೆ, ಪಾದ ಮಾತ್ರ ತಿರುಗುವುದಿಲ್ಲ. ಭುಜ ಮುಂದಕ್ಕೆ ಜಾರುತ್ತದೆ. ಇದನ್ನು ನಾನು ಹೇಳಿದ ಹಾಗೆಯೇ ಬಿಡಿಸಬೇಕು ನೀನು. ಮೊದಲು ನೋವು ಬರುವುದಿಲ್ಲ. ಮೊದಲು ಬರುವುದು ಹೇಸಿಗೆ. ತೋಳು ತನ್ನದಲ್ಲ, ಯಾರೋ ತಂದು ಮಡಿಲಲ್ಲಿ ಇಟ್ಟು ಹೋಗಿದ್ದಾರೆ ಎನ್ನಿಸುತ್ತದೆ. ಆಮೇಲೆ ನೋವು. ತೋಳನ್ನು ಹೊಟ್ಟೆಗೆ ಒತ್ತಿ ಹಿಡಿದು, ಬಾಗಿ ನಿಲ್ಲುತ್ತಾಳೆ. ಬಾಚಣಿಗೆ ಎತ್ತುವುದಕ್ಕೂ ಆಗುವುದಿಲ್ಲ. ಎಡಗೈಯಲ್ಲಿ ಅನ್ನ ಕಲಸುತ್ತಾಳೆ, ಅದನ್ನು ಯಾರೂ ನೋಡದ ಹಾಗೆ ಗೋಡೆಗೆ ಮುಖ ಮಾಡಿ ಕೂರುತ್ತಾಳೆ. ಕೊನೆಗೆ ಬಂಡೆರಾಯ ಮತ್ತೆ ಅಖಾಡಕ್ಕೆ ಕರೆದ ದಿನ ಅವನ ಎದುರು ನೆಲಕ್ಕೆ ಕೈ ಬಡಿದು ಸೋತೆ ಅನ್ನುತ್ತಾಳೆ. ಅಲ್ಲಿಗೆ ಕಂತು ಮುಗಿಯಲಿ.

ಬದಲಿಸಬೇಡ.

ಸಹನಾ


ಗಂಗಾವತಿ
೩೦ ನವೆಂಬರ್ ೨೦೨೪

ಸಹನವ್ವಾ,

ಎಲ್ಲಿಂದ ಕದ್ದೆ ಇದನ್ನೆಲ್ಲ? ಎಡಗೈಯಲ್ಲಿ ಅನ್ನ ಕಲಸುವುದು, ಗೋಡೆಗೆ ಮುಖ ಮಾಡುವುದು! ಮೂರು ಸಲ ಓದಿದೆ. ಅಂಗಡಿಯಲ್ಲಿ ಒಂದು ಮದುವೆ ಬ್ಯಾನರಿನಲ್ಲಿ ವರನ ಹೆಸರು ತಪ್ಪು ಮಾಡಿ ಮಾಲೀಕರಿಂದ ಉಗಿಸಿಕೊಂಡೆ, ತಲೆ ಅಷ್ಟು ಕೆಟ್ಟಿತ್ತು. ನಿನ್ನ ಅಕ್ಷರ ಮಾತ್ರ ಕೋಳಿ ಕೆದರಿದ ಹಾಗಿತ್ತು. ರಫೀ ಅದನ್ನು ನೋಡಿ, “ಇದೇನ್ ಉರ್ದು ಬರ್ದಾಳೇನ್ರಿ ನಿಮ್ಮ ತಂಗಿ? ನಂಗೂ ಓದಾಕ ಬರವಲ್ದು” ಎಂದ. ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು.

ಒಂದು ವಿಷಯ ಹೇಳುತ್ತೇನೆ, ಸಿಟ್ಟಾಗಬೇಡ. ಉಳಿದದ್ದೆಲ್ಲ ನೀನು ಬರೆದ ಹಾಗೆಯೇ ಇದೆ, ಕೊನೆ ಮಾತ್ರ ಬದಲಿಸಿದೆ. ಭುಜ ಕಳಚಿದಲ್ಲಿಗೆ ಕಂತು ಮುಗಿಸುತ್ತಾರಾ ಯಾರಾದರೂ? ನಮ್ಮ ಥರದ ಕಥೆಯಲ್ಲಿ ನಿಜವಾದ ಹೊಡೆದಾಟ ಶುರುವಾಗುವುದೇ ಅಲ್ಲಿ. ಬಂಡೆರಾಯನಿಗೆ ಅವಳ ನೋವು ಗೊತ್ತಾಗುತ್ತದೆ. ನಗುತ್ತ ಬಂದು ಅದೇ ಭುಜವನ್ನು ಹಿಡಿದು ತಿರುವುತ್ತಾನೆ, ಬಿಟ್ಟು ಮತ್ತೆ ತಿರುವುತ್ತಾನೆ. ಎರಡು ಪುಟ ಪೂರ್ತಿ ಅದೇ. ಅವನ ಮುಖವನ್ನು ಎಷ್ಟು ಹೊಲಸಾಗಿ ಬಿಡಿಸಿದ್ದೇನೆ ಎಂದರೆ ನನಗೇ ಅವನನ್ನು ಕಂಡರೆ ಆಗುವುದಿಲ್ಲ. ಆಮೇಲೆ ಕೆಂಚಿಗೆ ಅವಳ ಅವ್ವನ ನೆನಪು, ಊರಿನ ನೆನಪು, ಕಣ್ಣಲ್ಲಿ ಬೆಳಕು. ಕಳಚಿದ ಅದೇ ಕೈಯಿಂದ ಅವನನ್ನು ಎತ್ತಿ ಒಗೆಯುತ್ತಾಳೆ.

ನಿನ್ನೆಯೇ ಹಾಕಿಬಿಟ್ಟೆ. ಜನ ಹುಚ್ಚೆದ್ದಿದ್ದಾರೆ. ಬಂಡೆರಾಯನಿಗೆ ಬಿದ್ದಷ್ಟು ಬೈಗುಳ ನಮ್ಮ ಯಾವ ಖಳನಿಗೂ ಬಿದ್ದಿಲ್ಲ.

ಗಾಳೇಶ


ಕೊಪ್ಪಳ
೮ ಡಿಸೆಂಬರ್ ೨೦೨೪

ಅಣ್ಣಾ,

ಬದಲಿಸಬೇಡ ಎಂದಿದ್ದೆ. ಇರಲಿ.

ಒಂದು ಮಾತು ಕೇಳಬೇಕಾಗಿದೆ. ಅಂಥ ಕೈಯಲ್ಲಿ ಗೆಲ್ಲಬಹುದು ಎಂದು ನಿನಗೆ ನಿಜಕ್ಕೂ ಅನ್ನಿಸುತ್ತದಾ? ಓದುಗರಿಗಾಗಿ ಅಲ್ಲ, ನಿನಗೆ? ಕೆಂಚಿ ಆ ದಿನ ಅಖಾಡಕ್ಕೆ ಇಳಿಯದೆ, ಭುಜ ಸರಿಯಿಲ್ಲ ಎಂದು ಮೊದಲೇ ಹೇಳಿಬಿಟ್ಟಿದ್ದರೆ ನೀನು ಅವಳನ್ನು ಏನೆನ್ನುತ್ತಿದ್ದೆ?

ಬೇಗ ಬರೆ. ರಫೀ ಅಣ್ಣನ ಗಾಡಿ ಗೇಟಿಗೆ ಬಂದಾಗಲೆಲ್ಲ ಓಡಿ ಹೋಗಿ ನೋಡುತ್ತಿದ್ದೇನೆ.

ಸಹನಾ


ಗಂಗಾವತಿ
೧೩ ಡಿಸೆಂಬರ್ ೨೦೨೪

ಸಹನವ್ವಾ,

ಇಷ್ಟು ದಿನ ಕಾಲು, ಭಾರ, ಹಿಡಿತ ಎನ್ನುತ್ತಿದ್ದವಳು ಈಗ ಸರಿಯಾದ ಪ್ರಶ್ನೆ ಕೇಳಿದ್ದೀಯ. ಗೆಲ್ಲಬಹುದು. ಗೆಲ್ಲಲೇಬೇಕು. ಎದುರಾಳಿಯ ಬಲ ನೂರಿದ್ದು ಅವಳದು ಹತ್ತೇ ಆದರೂ ಉಳಿದ ತೊಂಬತ್ತನ್ನು ಮನಸ್ಸು ತುಂಬಬೇಕು. ಹಾಗೆ ತುಂಬದಿದ್ದರೆ ನಾವು ಯಾಕೆ ಓದಬೇಕು, ಯಾಕೆ ಬರೆಯಬೇಕು?

ಮೊದಲೇ ಹೇಳಿ ಹಿಂದೆ ಸರಿದಿದ್ದರೆ ಅವಳು ನಾಯಕಿಯೇ ಅಲ್ಲ. ಕೆಳಗಿನ ಸಾಲಿನ ಗುಂಡು ಫೋಟೋ ಅಷ್ಟೇ. ಅಂಥವಳ ಕಥೆಗೆ ನಾನು ಪೆನ್ಸಿಲ್ ಕೂಡ ಚೂಪು ಮಾಡುವುದಿಲ್ಲ.

ಏಳನೇ ಕಂತು ಯಾವಾಗ ಕಳಿಸುತ್ತೀಯ? ಕುಕನೂರಿನವನು ಪಟ್ಟಿ ತಿದ್ದಿ ಕೆಂಚಿಯನ್ನು ಮೊದಲನೇ ಜಾಗಕ್ಕೆ ತಂದಿದ್ದಾನೆ.

ಗಾಳೇಶ


ಕೊಪ್ಪಳ
೨೨ ಡಿಸೆಂಬರ್ ೨೦೨೪

ಗಾಳೇಶಣ್ಣಾ,

ಈಗ ಸುಮ್ಮನೆ ಕುಳಿತು ಓದು. ಅಂಗಡಿಯಲ್ಲಿದ್ದರೆ ಹೊರಗೆ ಬಾ.

ಭುಜ ಜಾರಿದ್ದು ನನ್ನದು. ನವೆಂಬರ್ ನಡುವಿನಲ್ಲಿ, ಅಭ್ಯಾಸದ ಹೊತ್ತಿನಲ್ಲಿ. ಮ್ಯಾಟಿನ ಆ ಮೂಲೆಯಲ್ಲಿ ಯಾರೂ ನೋಡುತ್ತಿರಲಿಲ್ಲ. ಜೊತೆಗಿದ್ದ ಸಣ್ಣ ಹುಡುಗಿಗೆ ಏನಾಯಿತೆಂದೇ ತಿಳಿಯಲಿಲ್ಲ. ಹಾಸ್ಟೆಲ್ಲಿನ ಅಡುಗೆಯ ಪಕೀರಮ್ಮ ಸೌದೆ ಕೊಟ್ಟಿಗೆಯ ಹಿಂದೆ ಕೂರಿಸಿ ಎಳೆದು ಕೂಡಿಸಿದರು. ಬಾಯಲ್ಲಿ ಅವರ ಸೆರಗನ್ನೇ ಕಚ್ಚಿಕೊಂಡಿದ್ದೆ. ಅವರು ದಿನಾ ಎಣ್ಣೆ ಹಚ್ಚುತ್ತಾರೆ, ದಿನಾ ಅದೇ ಮಾತು ಹೇಳುತ್ತಾರೆ. “ಸರ್‌ಗೆ ಹೇಳವಾ. ಎಲುಬು ಅನ್ನೂದು ಹಟಕ್ಕ ಬಗ್ಗೂದಿಲ್ಲ.” ನಾನು ಹೇಳಲಿಲ್ಲ. ಹೇಳಿದರೆ ಟ್ರಯಲ್ ಇಲ್ಲ, ಸೀಟಿಲ್ಲ. ಪೆನ್ನು ಸರಿಯಾಗಿಯೇ ಇತ್ತು. ಕೈ ಎಡಗೈಯಾಗಿತ್ತು. ನೀವಿಬ್ಬರೂ ಹೊಟ್ಟೆ ಹಿಡಿದು ನಕ್ಕಿರಿ.

ನಿನಗೆ ಹೇಳಬೇಕು ಅನ್ನಿಸುತ್ತಿತ್ತು. ನೇರ ಹೇಳಿದರೆ ನೀನು ನನ್ನ ಅವ್ವನಿಗೆ ಹೇಳುತ್ತೀಯ. ಅದಕ್ಕೆ ಕೆಂಚಿಯ ಮೇಲೆ ಹಾಕಿ ಬರೆದೆ. ಅವಳು ಸೋಲಲಿ ಎಂದೂ ಬರೆದೆ. ಅವಳು ಸೋತೆ ಎಂದರೆ ನನಗೂ ಅನ್ನುವುದಕ್ಕೆ ಧೈರ್ಯ ಬರುತ್ತದೇನೋ ಎಂದುಕೊಂಡಿದ್ದೆ. ನೀನು ಅವಳ ಕಣ್ಣಲ್ಲಿ ಬೆಳಕು ಹಾಕಿದೆ.

ಈಗ ಕೇಳು. ಹೋದ ಭಾನುವಾರ ಹುಡುಗಿಯರೆಲ್ಲ ಗುಂಪಾಗಿ ಆರನೇ ಕಂತು ಓದಿದರು. ಅನುಷಾನೂ ಇದ್ದಳು. ಬಂಡೆರಾಯನಿಗೆ ಎಲ್ಲರಿಗಿಂತ ಜೋರಾಗಿ ಬೈದವಳು ಅವಳೇ. ಊಟದ ಹೊತ್ತಿಗೆ ನಾನು ಎಂದಿನ ಹಾಗೆ ಗೋಡೆಗೆ ಮುಖ ಮಾಡಿ ಕುಳಿತೆ. ತಿರುಗಿದರೆ ಅವಳು ತಟ್ಟೆ ಹಿಡಿದು ನಿಂತು ನನ್ನ ಎಡಗೈ ನೋಡುತ್ತಿದ್ದಳು. ಆಮೇಲೆ ಭುಜ ನೋಡಿದಳು. ತಟ್ಟೆ ತೊಳೆಯಲು ಹೋದಳು. ಕಥೆ ಅಂದರೆ ಕಥೆ, ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡಿದ್ದೆ ನಾನು. ಒಂದೇ ಮನೆಯಲ್ಲಿ ಉಣ್ಣುವವರಿಗೆ ಗೊತ್ತಾಗದೆ ಇರುತ್ತದಾ?

ಅವಳ ಪಟ್ಟೇ ಬಲಗೈ ಎಳೆಯುವುದು. ಟ್ರಯಲ್ ಜನವರಿ ಐದಕ್ಕೆ. ನೀನೇ ಹೇಳಿದ್ದೀಯಲ್ಲ, ಹಿಂದೆ ಸರಿದರೆ ಗುಂಡು ಫೋಟೋ. ನಾನು ಇಳಿಯುತ್ತೇನೆ.

ಸಹನಾ


ಗಂಗಾವತಿ
೨೪ ಡಿಸೆಂಬರ್ ೨೦೨೪

ಸಹನಾ,

ಇಳಿಯಬೇಡ. ನಾನು ಹೇಳಿದ್ದು ಕೆಂಚಿಗೆ. ಕಾಗದದ ಹುಡುಗಿಗೆ. ಅವಳ ಭುಜ ಮುರಿದರೆ ಮುಂದಿನ ಪುಟದಲ್ಲಿ ರಬ್ಬರಿನಿಂದ ಉಜ್ಜಿ ಸರಿ ಮಾಡುತ್ತೇನೆ. ನಿನ್ನದನ್ನು ಏನು ಮಾಡಲಿ ನಾನು?

ಕಂತನ್ನು ತೆಗೆದುಹಾಕಿದೆ. ಓದುಗರು ಯಾಕೆ ಯಾಕೆ ಎಂದು ಕೇಳುತ್ತಿದ್ದಾರೆ, ಕೇಳಲಿ. ನಿನ್ನೆ ಅಂಗಡಿ ಬಿಟ್ಟು ಕೊಪ್ಪಳಕ್ಕೆ ಬಂದಿದ್ದೆ. ಗೇಟಿನ ಕಾವಲಿನವರು, “ವಿಜಿಟರ್ ಕಾರ್ಡಿನಾಗ ಹೆಸರು ಇಲ್ಲದ ಗಂಡಸರನ್ನ ಒಳಗ ಬಿಡಂಗಿಲ್ರಿ” ಎಂದರು. ಅಣ್ಣ ಎಂದೆ. “ಎಲ್ಲಾರೂ ಹಂಗ ಅಂತಾರ್ರಿ” ಎಂದರು. ಕಾಂಪೌಂಡಿನ ಹೊರಗೆ ಸಂಜೆಯವರೆಗೆ ಅಡ್ಡಾಡಿದೆ. ಒಳಗೆ ಯಾರೋ ಬಸ್ಕಿ ಹೊಡೆಸುತ್ತಿದ್ದ ಸೀಟಿ ಕೇಳುತ್ತಿತ್ತು.

ಅಂದಪ್ಪ ಸರ್‌ಗೆ ನಾನೇ ಹೇಳಲಾ? ನೀನು ಹೂಂ ಎನ್ನು ಸಾಕು. ಅನ್ನದಿದ್ದರೆ ನಾನು ಹೇಳುವುದಿಲ್ಲ, ನಿನ್ನ ಮಾತನ್ನು ಇನ್ನೊಂದು ಸಲ ಬದಲಿಸುವ ಧೈರ್ಯ ನನಗಿಲ್ಲ. ದಯವಿಟ್ಟು ಹೂಂ ಎನ್ನು.

ಗಾಳೇಶ


ಗಂಗಾವತಿ
೨ ಜನವರಿ ೨೦೨೫

ಸಹನಾ,

ರಫೀ ಎರಡು ಸಲ ಬರಿಗೈಯಲ್ಲಿ ಬಂದ. ಕಾಗದ ನಿನ್ನ ಕೈಗೇ ಕೊಟ್ಟೆ ಎನ್ನುತ್ತಾನೆ. ನೀನು ಓದಿ ಮಡಚಿ ಒಳಗೆ ಹೋದೆಯಂತೆ.

ಸರ್ ನಂಬರ್ ಸಿಕ್ಕಿದೆ. ಡಯಲ್ ಮಾಡಿದೆ, ರಿಂಗ್ ಆಗುವ ಮೊದಲೇ ಕಟ್ ಮಾಡಿದೆ. ಮತ್ತೆ ಮಾಡಿದೆ, ಮತ್ತೆ ಕಟ್ ಮಾಡಿದೆ. ಅಂಗಡಿಯಲ್ಲಿ ಕೆಲಸ ಸಾಗುತ್ತಿಲ್ಲ. ಕೂತರೆ ಏಳಬೇಕು ಅನ್ನಿಸುತ್ತದೆ, ಎದ್ದರೆ ಎಲ್ಲಿಗೆ ಹೋಗಬೇಕೋ ತಿಳಿಯುವುದಿಲ್ಲ. ಪೆನ್ಸಿಲ್ ಮುಟ್ಟಿಲ್ಲ. ಹೊಡೆದಾಟದ ಬಗ್ಗೆ ನನಗೆ ಎಲ್ಲವೂ ಗೊತ್ತು ಎಂದುಕೊಂಡಿದ್ದೆನಲ್ಲ, ನನ್ನ ಜನ್ಮದಲ್ಲಿ ಒಂದು ಏಟು ಹೊಡೆದವನೂ ಅಲ್ಲ, ತಿಂದವನೂ ಅಲ್ಲ ನಾನು.

ಒಂದು ಸಾಲು ಬರೆ. ಬೈದಾದರೂ ಬರೆ.

ಗಾಳೇಶ


ಕೊಪ್ಪಳ
೭ ಜನವರಿ ೨೦೨೫

ಪ್ರೀತಿಯ ಗಾಳೇಶಣ್ಣನಿಗೆ,

ಗೆದ್ದೆ. ಖುಷಿಪಡಬೇಡ, ಪೂರ್ತಿ ಓದು.

ನಿನ್ನ ಎರಡೂ ಕಾಗದ ಓದಿದ್ದೆ. ಹೂಂ ಎಂದು ಬರೆಯಲು ಎರಡು ಸಲ ಕುಳಿತೆ, ಆಗಲಿಲ್ಲ. ಬೋರ್ಡಿನ ಮೇಲಿನ ನನ್ನ ಹೆಸರನ್ನು ನಾನೇ ಅಳಿಸಿದ ಹಾಗೆ ಅನ್ನಿಸುತ್ತಿತ್ತು. ಐದರ ಬೆಳಿಗ್ಗೆ ಪಕೀರಮ್ಮ ಭುಜಕ್ಕೆ ಬಟ್ಟೆ ಕಟ್ಟಿಕೊಟ್ಟರು. ಮೇಲೆ ಜರ್ಸಿ ಹಾಕಿಕೊಂಡು ಮ್ಯಾಟಿಗೆ ಇಳಿದೆ.

ಸೀಟಿ ಹೊಡೆದ ಕೂಡಲೇ ಅನುಷಾಳ ಕೈ ಬಂತು. ನನ್ನ ಬಲ ಮೊಣಕೈಯ ಹತ್ತಿರ ಬಂದು, ಅಲ್ಲೇ ನಿಂತು, ಕುತ್ತಿಗೆಗೆ ಹೋಯಿತು. ಮೋಸದ ಆಟ ಇರಬೇಕು ಎಂದುಕೊಂಡೆ. ಎರಡನೇ ಸಲವೂ ಹಾಗೆಯೇ. ಮೂರನೇ ಸಲ ನನ್ನ ಬಲಗೈ ಹೊಸ್ತಿಲ ಮೇಲೆ ಮರೆತಿಟ್ಟ ಚಂಬಿನ ಹಾಗೆ ಅವಳ ಮುಂದೆ ಬಿದ್ದಿತ್ತು. ಯಾರು ಬೇಕಾದರೂ ಎತ್ತಿಕೊಳ್ಳಬಹುದಾಗಿತ್ತು. ಅವಳು ಮುಟ್ಟಲಿಲ್ಲ. ಆಗ ನನಗೆ ಗೊತ್ತಾಯಿತು. ಗೊತ್ತಾದ ಕೂಡಲೇ ಎಂಥ ಸಿಟ್ಟು ಬಂತೆಂದರೆ ಅವಳ ಕಾಲಿಗೆ ನುಗ್ಗಿ ಕೆಡವಿಬಿಟ್ಟೆ. ಅವಳೂ ಬಿಟ್ಟುಕೊಡಲಿಲ್ಲ. ಸೊಂಟ ಹಿಡಿದು ನನ್ನನ್ನು ಉರುಳಿಸಿದಳು, ಕಾಲು ಹಿಡಿದಳು, ಬೆವರಿಳಿಸಿದಳು. ಆ ಒಂದು ತೋಳು ಬಿಟ್ಟು ಉಳಿದ ನನ್ನ ಮೈಯನ್ನೆಲ್ಲ ಸೋಲಿಸಲು ನೋಡಿದಳು. ಕೊನೆಗೆ ನಾನು ಒಂದು ಅಂಕ ಮುಂದಿದ್ದೆ.

ರೆಫರಿ ಗೆದ್ದವಳ ಕೈ ಎತ್ತಲು ನನ್ನ ಬಲಗೈ ಹಿಡಿದರು. ನಾನು ಕಣ್ಣು ಮುಚ್ಚಿದೆ. ಆಚೆಯಿಂದ ಅನುಷಾ ಮೆಲ್ಲಗೆ, “ಆ ಕೈ ಬ್ಯಾಡ್ರಿ ಸರ್, ಎಡಗೈ ಎತ್ರಿ” ಎಂದಳು. ಗದ್ದಲದಲ್ಲಿ ಅದು ಬೇರೆ ಯಾರಿಗೂ ಕೇಳಿಸಲಿಲ್ಲ.

ನಲ್ಲಿಯ ಹತ್ತಿರ ಅವಳನ್ನು ತಡೆದೆ. “ನನ್ ಮ್ಯಾಲೆ ಕರುಣಾ ತೋರ್ಸಾಕ ಯಾರ್ ಹೇಳಿದ್ರು ನಿಂಗ?” ಎಂದು ಕೂಗಾಡಿದೆ. ಅವಳು ಮುಖ ತೊಳೆಯುತ್ತಲೇ ಇದ್ದಳು. ಆಮೇಲೆ ಹೇಳಿದಳು. “ಕರುಣಾ ಗಿರುಣಾ ಏನಿಲ್ಲ. ಆ ಬಂಡೆರಾಯ ಭುಜ ಹಿಡ್ದು ತಿರುವ್ತಾನಲ್ಲ, ಆ ಪುಟ ನೋಡಿ ಎಲ್ಲಾರ ಮುಂದ ಅವಗ ಬಾಯಿಗೆ ಬಂದಂಗ ಬೈದೀನಿ. ಅಷ್ಟು ಬೈದು ನಾನ ಹೋಗಿ ಅದನ್ನ ಮಾಡ್ಲೇನು?”

ಅಣ್ಣಾ, ನಾನು ಬರೆದ ಎಡಗೈಯ ಅನ್ನವೇ ನನ್ನ ಗುಟ್ಟು ಬಯಲು ಮಾಡಿತು. ನನ್ನ ತೋಳನ್ನು ಉಳಿಸಿದ್ದು ನೀನು ಬದಲಿಸಿದ ಆ ಎರಡು ಪುಟಗಳು. ನಿನಗೆ ಬೈಯಬೇಕೋ ಕೈಮುಗಿಯಬೇಕೋ ಇನ್ನೂ ತಿಳಿದಿಲ್ಲ.

ಆ ದಿನ ಊಟ ಸೇರಲಿಲ್ಲ. ಎಲ್ಲರೂ ಬೆನ್ನು ತಟ್ಟುತ್ತಿದ್ದರು, ನನಗೆ ಎಲ್ಲಾದರೂ ಓಡಿಹೋಗಬೇಕು ಅನ್ನಿಸುತ್ತಿತ್ತು. ರಾಜ್ಯ ಮಟ್ಟದಲ್ಲಿ ನನ್ನ ಎದುರು ನಿಲ್ಲುವವರು ನಮ್ಮ ಕಥೆ ಓದಿರುವುದಿಲ್ಲ. ಅವರು ತೋಳು ಹಿಡಿಯುತ್ತಾರೆ. ಹಿಡಿಯಬೇಕಾದದ್ದೇ. ಅಷ್ಟೇ ಆಗಿದ್ದರೆ ಹೋಗಿಬಿಡುತ್ತಿದ್ದೆನೇನೋ, ನನ್ನ ಹಟ ನಿನಗೆ ಗೊತ್ತಿದೆ. ಆದರೆ ಅನುಷಾ ತನ್ನ ಅನ್ನದ ಪಟ್ಟನ್ನು ಬದಿಗಿಟ್ಟು ಆಡಿದ್ದಳು. ಆ ಗೆಲುವನ್ನು ಹೊತ್ತುಕೊಂಡು ಬಸ್ಸು ಹತ್ತಲು ನನ್ನಿಂದ ಆಗಲಿಲ್ಲ.

ನಿನ್ನೆ ಬೆಳಿಗ್ಗೆ ಅಂದಪ್ಪ ಸರ್ ಹತ್ತಿರ ಹೋಗಿ ಜರ್ಸಿ ಸರಿಸಿ ಭುಜ ತೋರಿಸಿದೆ. ಅವರು ಎರಡು ಬೆರಳಿನಿಂದ ಒತ್ತಿದರು. ಇಷ್ಟು ದಿನ ನುಂಗಿದ್ದ ಕೂಗೆಲ್ಲ ಒಮ್ಮೆಗೇ ಬಂತು, ಮ್ಯಾಟಿನ ಮೇಲಿದ್ದವರೆಲ್ಲ ನಿಂತರು. “ಹುಚ್ಚಿ ಅದಿಯೇನ್? ಕೈ ಕಳಕೊಂಡು ಸೀಟ್ ಇಟ್ಕೊಂಡು ಏನ್ ಮಾಡಾಕಿದ್ದಿ?” ಎಂದು ಸರ್ ಬೈದರು. ಬೈಯುತ್ತ ಅವರ ಕಣ್ಣೂ ಒದ್ದೆಯಾಯಿತು. ಡಾಕ್ಟರು ಮ್ಯಾಟ್ ಮುಟ್ಟಲೇಬಾರದು ಎಂದಿದ್ದಾರೆ, ಎಷ್ಟು ತಿಂಗಳೋ ಮುಂದೆ ನೋಡಬೇಕಂತೆ. ರಾಜ್ಯಕ್ಕೆ ಅನುಷಾ ಹೋಗುತ್ತಾಳೆ. ನನ್ನ ಸೀಟಿನ ಬಗ್ಗೆ ಕೇಳಿದೆ. “ಮಾರ್ಚ್‌ನಾಗ ನೋಡೂಣು” ಎಂದರು, ನನ್ನ ಮುಖ ನೋಡದೆ ಎಂದರು. ಹೆದರಿಕೆಯಾಗುತ್ತಿದೆ ಅಣ್ಣ. ಸುಳ್ಳು ಹೇಳುವುದಿಲ್ಲ, ರಾತ್ರಿ ಅತ್ತೆ.

ಇವತ್ತು ಮಧ್ಯಾಹ್ನದ ಬಸ್ಸಿಗೆ ಕುಷ್ಟಗಿಗೆ ಹೊರಟಿದ್ದೇನೆ. ಅವ್ವನಿಗೆ ನಾನೇ ಹೇಳುತ್ತೇನೆ, ನೀನು ಮುಂಚೆ ಬಾಯಿಬಿಡಬೇಡ. ಆರನೇ ಕಂತನ್ನು ಮತ್ತೆ ಬರೆ. ಬಂಡೆರಾಯ ಹೇಗಿದ್ದಾನೋ ಹಾಗೆಯೇ ಇರಲಿ, ಅವನ ಒಂದು ಗೆರೆಯನ್ನೂ ಮುಟ್ಟಬೇಡ. ಆದರೆ ಕೆಂಚಿ ನೆಲಕ್ಕೆ ಕೈ ಬಡಿದು ಸೋತೆ ಅನ್ನಲಿ. ಆ ಪುಟದಲ್ಲಿ ಬೆಳಕು ಗಿಳಕು ಏನೂ ಬೇಡ.

ಟ್ರಂಕು ತುಂಬುತ್ತಿದ್ದಾಗ ಅನುಷಾ ಬಂದಳು. ಥ್ಯಾಂಕ್ಸ್ ಹೇಳಲು ಬಂದಿದ್ದಾಳೆ ಎಂದುಕೊಂಡೆ. ಮುಖ ಕೆಂಡವಾಗಿತ್ತು. “ಸೋತಾಕಿ ಅನ್ನಿಸ್ಕೊಂಡು ರಾಜ್ಯಕ್ಕ ಹೋಗ್ಬೇಕು ಈಗ ನಾ. ಎಲ್ಲಾರೂ ಅಂತಾರ, ಸಹನಾ ಬಿಟ್ ಕೊಟ್ಳು, ಅದಕ್ಕ ಹೋದ್ಳು ಅಂತ” ಎಂದಳು. ನಾನು ಒಂದೇ ಕೈಯಲ್ಲಿ ಟ್ರಂಕಿನ ಮುಚ್ಚಳ ಹಾಕಲು ಒದ್ದಾಡುತ್ತಿದ್ದೆ. ಅವಳು ನನ್ನನ್ನು ಬದಿಗೆ ದೂಡಿ, ಮುಚ್ಚಳದ ಮೇಲೆ ಕುಳಿತು ಚಿಲಕ ಹಾಕಿದಳು. ಬಾಗಿಲವರೆಗೆ ಹೋದವಳು ತಿರುಗಿ ನಿಂತಳು.

“ಎರಡೂ ತೋಳು ತಗೊಂಡು ಬಾ. ಅವಾಗ ಬಿಡೂದಿಲ್ಲ.”

ಸಹನಾ